ಘಟ್ಟದ ಮೇಲೆ ಕಾದಿಟ್ಟ ನೀರು

ಮುಂಬೈಯ ಲೋಕಲ್ ರೈಲು ಕರ್ಜತ್ ದಾಟಿ ಕೊನೆಗೆ ನಿಲ್ಲುವ ಊರು ಖೊಪೋಲಿ. ನೀವು ಅಲ್ಲಿಗೆ ಹೋಗಿದ್ದರೆ ಬೆಟ್ಟದ ಮೈಮೇಲಿಂದ ಇಳಿದು ಬರುವ ದಪ್ಪ ಕೊಳವೆಗಳನ್ನು ನೋಡಿರಬಹುದು. ನೋಡಿರದಿದ್ದರೂ ಶಾಲೆಯಲ್ಲಿ ಅವುಗಳ ಪಾಠ ಓದಿದ್ದೀರಿ. ಅದರ ಹೆಸರು ಪ್ರಚ್ಛನ್ನ ಶಕ್ತಿ.

ಪ್ರಚ್ಛನ್ನ ಅಂದರೆ ಅಡಗಿದ್ದು. ಎತ್ತರದಲ್ಲಿರುವ ವಸ್ತುವಿನಲ್ಲಿ, ಅದು ಸುಮ್ಮನೆ ಕೂತಿದ್ದರೂ, ಕೆಲಸ ಮಾಡುವ ಸಾಮರ್ಥ್ಯ ಇರುತ್ತದೆ. ಎಷ್ಟು ತೂಕ, ಎಷ್ಟು ಎತ್ತರ, ಇವೆರಡನ್ನು ಗುಣಿಸಿದರೆ ಲೆಕ್ಕ ಮುಗಿಯಿತು. ಸಾವಿರ ಲೀಟರ್ ನೀರು 500 ಮೀಟರ್ ಕೆಳಗಿಳಿದರೆ ಸುಮಾರು 49 ಲಕ್ಷ ಜೂಲ್ ಬಿಡುಗಡೆಯಾಗುತ್ತದೆ. ನಮ್ಮ ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಒಂದೂಕಾಲು ಯೂನಿಟ್‌ಗಿಂತ ತುಸು ಹೆಚ್ಚು. ಹೀಗೆ ಅಂಕಿಗಳಲ್ಲಿ ಕಂಡಾಗಲೇ ಆ ಸೂತ್ರಕ್ಕೆ ಜೀವ ಬರುವುದು. ಸ್ಕಾಟ್ಲೆಂಡಿನ ಎಂಜಿನಿಯರ್ ರಾಂಕಿನ್ ಈ ಶಕ್ತಿಗೆ ಇಂಗ್ಲಿಷಿನಲ್ಲಿ ಹೆಸರಿಟ್ಟದ್ದು 1853ರಲ್ಲಿ.

ಅದೇ ಕಾಲಕ್ಕೆ ಮುಂಬೈಯಲ್ಲಿ ಹತ್ತಿಯ ಗಿರಣಿಗಳು ತಲೆ ಎತ್ತತೊಡಗಿದ್ದವು. ಶತಮಾನ ಮುಗಿಯುವ ಹೊತ್ತಿಗೆ ಪರೇಲ್, ಲಾಲ್‌ಬಾಗ್ ಕಡೆಯೆಲ್ಲ ಚಿಮಣಿಗಳೇ. ಕೊಂಕಣದಿಂದ ಬಂದ ಮರಾಠಿಗರು, ಉತ್ತರದಿಂದ ಬಂದು ಮದನಪುರದಲ್ಲಿ ನೆಲೆಸಿದ ಮುಸ್ಲಿಂ ನೇಕಾರರು, ಎಲ್ಲರೂ ಅದೇ ಹೊಗೆ ಕುಡಿದು ಬದುಕಿದವರು. ಯಂತ್ರ ತಿರುಗಲು ಕಲ್ಲಿದ್ದಲು ಬೇಕು, ಅದು ದೂರದಿಂದ ಬರಬೇಕು. ಜಮ್‌ಶೆಟ್‌ಜಿ ಟಾಟಾ ಅವರ ಕಣ್ಣು ಪಕ್ಕದ ಘಟ್ಟದ ಮಳೆಯ ಮೇಲೆ ಬಿತ್ತು. ಅವರು 1904ರಲ್ಲಿ ತೀರಿಕೊಂಡರು. ಮಕ್ಕಳು ಮುಂದುವರಿಸಿದರು. 1910ರಲ್ಲಿ ಕಂಪನಿ, 1915ರಲ್ಲಿ ಖೊಪೋಲಿಯಿಂದ ಗಿರಣಿಗಳಿಗೆ ವಿದ್ಯುತ್. (ನಮ್ಮ ಮೈಸೂರು ಸೀಮೆ ಇದರಲ್ಲಿ ಮುಂದಿತ್ತು: 1902ರಲ್ಲೇ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು.)

ಆದರೆ ಶಿವನಸಮುದ್ರದಲ್ಲಿ ಕಾವೇರಿ ತಾನಾಗಿಯೇ ಧುಮುಕುತ್ತಿತ್ತು. ಲೋಣಾವಳದಲ್ಲಿ ಹಾಗಿಲ್ಲ. ಅಲ್ಲಿಯ ಮಳೆಗಾಲ ನಾಲ್ಕೇ ತಿಂಗಳು, ಗಿರಣಿಗೆ ಹನ್ನೆರಡು ತಿಂಗಳೂ ಕರೆಂಟ್ ಬೇಕು. ಅದಕ್ಕೇ ಲೋಣಾವಳ, ವಳವಣ, ಶಿರಾವಟಾ ಎಂಬ ಕೆರೆಗಳನ್ನು ಕಟ್ಟಿ ನೀರನ್ನು ಮೇಲೆಯೇ ತಡೆದು ನಿಲ್ಲಿಸಿದರು. ಕೆರೆ ಎನ್ನುವುದಕ್ಕಿಂತ ಎತ್ತರದ ಉಗ್ರಾಣ ಎಂದರೆ ಸರಿಯೇನೋ.

ಇನ್ನೊಂದು ಸಂಗತಿಯನ್ನು ಪಠ್ಯಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ: ಪ್ರಚ್ಛನ್ನ ಶಕ್ತಿಗೆ ಎತ್ತರದ ವ್ಯತ್ಯಾಸವಷ್ಟೇ ಲೆಕ್ಕ, ಇಳಿದ ದಾರಿ ಲೆಕ್ಕಕ್ಕಿಲ್ಲ. ಸ್ವಲ್ಪ ನಿಂತು ಯೋಚಿಸಿ. ಲೋಣಾವಳದ ಆ ನೀರು ಹುಟ್ಟಿನಿಂದ ಪೂರ್ವಕ್ಕೆ ಹೋಗಬೇಕಾದದ್ದು. ಇಂದ್ರಾಯಣಿ, ಅದರಿಂದ ಭೀಮಾ, ಪಂಢರಪುರ ದಾಟಿ ನಮ್ಮ ವಿಜಯಪುರ, ಅಫಜಲಪುರ, ಕಲಬುರಗಿ ಸೀಮೆ, ಆಮೇಲೆ ಕೃಷ್ಣೆ, ಬಂಗಾಳ ಕೊಲ್ಲಿ. ಸಮುದ್ರಮಟ್ಟಕ್ಕೆ ಇಳಿಯುವಾಗ ಆ ದಾರಿಯಲ್ಲೂ ಅಷ್ಟೇ ಶಕ್ತಿ ಕಳೆಯುತ್ತದೆ. ಆದರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಕಲ್ಲು, ಮರಳು, ದಡಗಳಿಗೆ ಉಜ್ಜಿಕೊಂಡು ಚೂರುಚೂರಾಗಿ. ಪಶ್ಚಿಮಕ್ಕೆ ತಿರುಗಿಸಿದರೆ ಅದರಲ್ಲಿ ಬಹುಪಾಲು ಕೆಲವೇ ಕಿಲೋಮೀಟರಿನಲ್ಲಿ ಒಟ್ಟಿಗೆ ಕೈಗೆ ಸಿಗುತ್ತದೆ. ಟಾಟಾ ಎಂಜಿನಿಯರರು ಮಾಡಿದ್ದು ಇದನ್ನೇ. ಖೊಪೋಲಿಯ ಚಕ್ರ ತಿರುಗಿಸಿದ ನೀರು ಪಾತಾಳಗಂಗಾ ನದಿ ಸೇರಿ ಅರಬ್ಬೀ ಸಮುದ್ರದ ಕಡೆ ಹೋಗುತ್ತದೆ.

ದಾರಿ ಲೆಕ್ಕಕ್ಕಿಲ್ಲ ಎನ್ನುವುದು ಜೂಲ್ ಎಣಿಸುವವರ ಮಾತು. ದಾರಿಯಲ್ಲಿ ಬದುಕುವವರ ಲೆಕ್ಕ ಬೇರೆ, ಅಲ್ವಾ? ಕೃಷ್ಣಾ ನ್ಯಾಯಮಂಡಳಿಯ ಹಂಚಿಕೆಯಲ್ಲಿ ಟಾಟಾ ಯೋಜನೆಗಳು ಪಶ್ಚಿಮಕ್ಕೆ ತಿರುಗಿಸುವ ನೀರಿಗೆಂದೇ ವರ್ಷಕ್ಕೆ 40 ಟಿಎಂಸಿಗೂ ಹೆಚ್ಚು ಇದೆ. ಬೇಸಿಗೆಯಲ್ಲಿ ಭೀಮೆಯ ಬರಿ ಮರಳು ಕಂಡವರಿಗೆ ಈ ಅಂಕಿಯ ತೂಕ ಗೊತ್ತಾಗುತ್ತದೆ.

ಎತ್ತರವೂ ಖಾಲಿ ಜಾಗವಾಗಿರಲಿಲ್ಲ. 1922ರಲ್ಲಿ ಭಿವಪುರಿ ಶುರುವಾಯಿತು. ಮೂರನೆಯದು ಮುಳಶಿ. ಮುಳಾ ನದಿಗೆ ಅಣೆಕಟ್ಟು ಕಟ್ಟುವಾಗ ಅಲ್ಲಿಯ ರೈತರು, ಅಂಬೆಮೊಹರ್ ಅಕ್ಕಿ ಬೆಳೆಯುತ್ತಿದ್ದವರು, 1921ರಲ್ಲಿ ಸತ್ಯಾಗ್ರಹಕ್ಕೆ ಕೂತರು. ಪಾಂಡುರಂಗ ಬಾಪಟ್ ಮುಂದೆ ನಿಂತರು, ಜೈಲಿಗೆ ಹೋದರು. 'ಸೇನಾಪತಿ' ಎಂಬ ಹೆಸರು ಅವರಿಗೆ ಬಂದದ್ದು ಇಲ್ಲಿಂದಲೇ. ಮೂರು ವರ್ಷ ಎಳೆದಾಡಿ ಚಳವಳಿ ಸೋತಿತು, ಹಳ್ಳಿಗಳು ಮುಳುಗಿದವು. 1927ರಲ್ಲಿ ಭಿರಾ ವಿದ್ಯುದಾಗಾರ ಚಾಲೂ ಆಯಿತು. ಮುಂಬೈ ಬೆಳಗಿದ ಇತಿಹಾಸ ಬರೆಯುವವರು ಟಾಟಾರ ದೂರದೃಷ್ಟಿಗೆ ಪುಟಗಟ್ಟಲೆ ಕೊಡುತ್ತಾರೆ. ಕೊಡಲಿ, ಅದು ಸುಳ್ಳಲ್ಲ. ಮುಳಶಿಗೂ ಒಂದು ಪುಟ ಸಲ್ಲಬೇಕು.

ಭಿರಾದಲ್ಲಿ ಈಗ ಇನ್ನೊಂದು ವ್ಯವಸ್ಥೆಯೂ ಇದೆ. ನಗರಕ್ಕೆ ಕರೆಂಟ್ ಕಡಿಮೆ ಸಾಕಾದ ಹೊತ್ತಿನಲ್ಲಿ, ಮಿಕ್ಕ ವಿದ್ಯುತ್ತಿನಿಂದಲೇ ಕೆಳಗಿನ ನೀರನ್ನು ಮತ್ತೆ ಮೇಲಕ್ಕೆ ಪಂಪ್ ಮಾಡುತ್ತಾರೆ. ಎತ್ತಲು ಖರ್ಚಾದಷ್ಟು ಶಕ್ತಿ ಇಳಿಸುವಾಗ ಪೂರ್ತಿ ವಾಪಸು ಬರುವುದಿಲ್ಲ, ಒಂದಿಷ್ಟು ಸೋರುತ್ತದೆ. ಆದರೂ ಬೇಕಾದ ಗಳಿಗೆಗೆ ಶಕ್ತಿ ಸಿಗಬೇಕಲ್ಲ! ಹಾಗೆ ಮೇಲೇರಿದ ನೀರು ಮೇಲಿನ ಜಲಾಶಯದಲ್ಲಿ ತಂಗಿ, ಮುಂಬೈ ದೀಪ ಹಚ್ಚುವ ಹೊತ್ತಿಗೆ ಪುನಃ ಭಿರಾಕ್ಕೇ ಇಳಿಯುತ್ತದೆ.