ತಲೆಯೊಳಗಿನ ಸುರಂಗ

ನಾನು ಓದಿದ್ದು ಏಳನೇ ಕ್ಲಾಸು. ಇವ ಮಿದುಳಿನ ಬಗ್ಗೆ ಬರೆಯಲಿಕ್ಕೆ ಯಾರು ಅಂತ ಮಾಷ್ಟ್ರುಗಳು ನಗಬಹುದು. ಆದರೆ ನಮ್ಮ ಎಣ್ಮಕಜೆ, ಪಡ್ರೆ, ಸ್ವರ್ಗದ ಕಡೆಯವರಿಗೆ ಮಿದುಳು ಪುಸ್ತಕದ ಪಾಠ ಮಾತ್ರ ಅಲ್ಲ, ಊರಿನ ಚರಿತ್ರೆಯೂ ಹೌದು.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಹುಡುಗ ಇದ್ದ. ಹುಟ್ಟಿದ ಕೆಲವು ತಿಂಗಳಲ್ಲೇ ಅವನ ತಲೆ ದೊಡ್ಡದಾಗುತ್ತಾ ಹೋಯಿತು. ತಲೆಯಲ್ಲಿ ನೀರು ತುಂಬಿದೆ ಅಂದರು ಡಾಕ್ಟ್ರು. ಬಾವಿಯಲ್ಲಿ ನೀರು ತುಂಬುವುದು ಗೊತ್ತು, ತಲೆಯಲ್ಲಿ ಎಲ್ಲಿಂದ ಬಂತು ನೀರು? ಅದನ್ನು ತಿಳಿಯಲಿಕ್ಕೆ ನನಗೆ ಬಹಳ ವರ್ಷ ಹಿಡಿಯಿತು. ಕೇಳಿ ಕೇಳಿ, ವಾಚನಾಲಯದ ಪುಸ್ತಕ ನೋಡಿ ತಿಳಿದದ್ದನ್ನು ಹೇಳುತ್ತೇನೆ.

ದೊಡ್ಡವರ ಮಿದುಳು ಒಂದು ಕಿಲೋ ಮುನ್ನೂರು, ನಾನ್ನೂರು ಗ್ರಾಂ ತೂಗುತ್ತದೆ. ತೆಂಗಿನಕಾಯಿಗೆ ಗೆರಟೆ ಇದ್ದ ಹಾಗೆ ಅದಕ್ಕೆ ತಲೆಬುರುಡೆ. ಆ ಮಿದುಳಿನ ನಡುವೆ ನಾಲ್ಕು ಕೋಣೆಗಳುಂಟು. ಅಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರು ತಿಳಿನೀರು ಊರುತ್ತದೆ. ಅದು ಕೋಣೆಯಿಂದ ಕೋಣೆಗೆ ಹರಿದು, ಮಿದುಳಿನ ಮತ್ತು ಬೆನ್ನುಹುರಿಯ ಸುತ್ತ ತಿರುಗಿ, ಕೊನೆಗೆ ರಕ್ತಕ್ಕೆ ಸೇರುತ್ತದೆ. ಮೂರನೇ ಕೋಣೆಯಿಂದ ನಾಲ್ಕನೆಯದಕ್ಕೆ ಹೋಗುವ ದಾರಿ ಬಹಳ ಸಪೂರ, ಒಂದೆರಡು ಮಿಲ್ಲಿಮೀಟರು ಅಷ್ಟೇ. ಇದು ನಮ್ಮ ಸುರಂಗವೇ! ಗುಡ್ಡೆಯ ಮುರಕಲ್ಲು ಕೊರೆದು ಒಳಗಿನ ಒರತೆಯನ್ನು ಹೊರಗೆ ತರ್ತೇವಲ್ಲ, ಹಾಗೆ. ಸುರಂಗದಲ್ಲಿ ಮಣ್ಣು ಜರಿದರೆ ಒರತೆ ನಿಲ್ಲುವುದಿಲ್ಲ, ನೀರು ಹಿಂದೆ ಕಟ್ಟುತ್ತದೆ. ತಲೆಯಲ್ಲೂ ಹಾಗೆಯೇ. ಎಳೆ ಮಗುವಿನ ಬುರುಡೆಯ ಎಲುಬುಗಳು ಇನ್ನೂ ಬೆಸೆದಿರುವುದಿಲ್ಲ, ಅದರಿಂದ ತಲೆಯೇ ಹಿಗ್ಗುತ್ತದೆ. ಚರ್ಮದಡಿಯಲ್ಲಿ ಒಂದು ಸಪೂರ ಕೊಳವೆ ಹಾಕಿ ನೀರನ್ನು ಹೊಟ್ಟೆಗೆ ಬಿಡುವ ಆಪರೇಶನ್ ಉಂಟು. ನಮ್ಮ ಹುಡುಗನಿಗೆ ಅದು ತಡವಾಗಿ ಆಯಿತು.

ಬೆನ್ನುಹುರಿ ಕಿರುಬೆರಳಿನಷ್ಟು ದಪ್ಪ, ಉದ್ದ ಒಂದೂವರೆ ಅಡಿ. ಅದು ಸೊಂಟದ ಮೇಲ್ಭಾಗಕ್ಕೇ ಮುಗಿಯುತ್ತದೆ. ಅದರಿಂದ 31 ಜೊತೆ ನರಗಳು ಕೈಕಾಲಿಗೆಲ್ಲ ಹೊರಡುತ್ತವೆ. ಹಿಂದಲೆಯ ಕಿರುಮಿದುಳು ಮೈಯ ಸಮತೋಲ ನೋಡುತ್ತದೆ. ನಾನು ಪಾಡ್ದನ ಹೇಳುವಾಗ ತಾಳ ತಪ್ಪದಂತೆ ಕೈ ಆಡಿಸುವುದರಲ್ಲಿ ಅದರ ಪಾಲೂ ಉಂಟಂತೆ. ಆ ಹುಡುಗನಿಗೆ ಮಾತಿಲ್ಲ, ನಡಿಗೆಯಿಲ್ಲ. ಆದರೆ ನಾನು ಹಾಡಿದರೆ ಕಣ್ಣು ಈಚೆಗೆ ತಿರುಗಿಸ್ತಿದ್ದ. ಕೇಳುವ ಜಾಗ ಮಿದುಳಿನಲ್ಲಿ ಕಿವಿಯ ಹತ್ತಿರವೇ ಇರುವುದು. ಅದು ಅವನಿಗೆ ಉಳಿದಿತ್ತು ಅಂತ ನನ್ನ ಲೆಕ್ಕ.

ಇನ್ನು ಚರಿತ್ರೆ. ಕಾಸರಗೋಡಿನ ಗುಡ್ಡೆಗಳಲ್ಲಿ ಸರಕಾರಿ ನಿಗಮದ ಗೇರುತೋಟ 4,500 ಹೆಕ್ಟೇರಿಗೂ ಹೆಚ್ಚು. ಚಿಗುರಿನ ರಸ ಹೀರುವ ತಿಗಣೆಗೆ ಅಂತ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಹೊಡೆದರು, ವರ್ಷಕ್ಕೆ ಎರಡು ಮೂರು ಸಲ. ಹೊಡೆಯುವಾಗ ನೀರಿಗೆ ಮುಚ್ಚಿಗೆ ಹಾಕಬೇಕಂತೆ. ಬಾವಿಗಾದರೆ ಮಡಲು ಮುಚ್ಚಬಹುದು, ಗುಡ್ಡೆಯ ನೀರೇ ಬರುವ ಸುರಂಗಕ್ಕೆ, ತೋಡಿಗೆ ಎಂತ ಮುಚ್ಚುವುದು ಮಾರಾಯ್ರೆ? ನಾವು ಮಕ್ಕಳು ಮರಿ ಎಲ್ಲ ಅಂಗಳಕ್ಕೆ ಓಡಿ ಹೆಲಿಕಾಪ್ಟರಿಗೆ ಕೈಬೀಸಿದವರು.

ಈ ವಿಷ ನರವನ್ನೇ ಹಿಡಿಯುತ್ತದೆ. ಮಿದುಳಿನಲ್ಲಿ ಗಾಬಾ ಅಂತ ಒಂದು ರಸ, ಅದು ನರಗಳಿಗೆ ಬ್ರೇಕು. ಎಂಡೋಸಲ್ಫಾನ್ ಆ ಬ್ರೇಕನ್ನು ತಡೆಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಹೋದ ಬಸ್ಸಿನ ಹಾಗೆ ನರಗಳು ನಿಲ್ಲದೆ ಮಿಡಿಯುತ್ತವೆ, ಫಿಟ್ಸು ಬರುತ್ತದೆ.

ಒಂದೇ ಕಡೆ ಇಷ್ಟು ಮಿದುಳಿನ ಕಾಯಿಲೆ ಯಾಕೆ ಅಂತ ಮೊದಲು ಕೇಳಿದವರಲ್ಲಿ ಪಡ್ರೆಯ ಡಾ. ವೈ. ಎಸ್. ಮೋಹನ ಕುಮಾರ್ ಒಬ್ಬರು. ಪತ್ರಕರ್ತ ಶ್ರೀಪಡ್ರೆ ಬರೆದರು. ಪೆರಿಯದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಕೋರ್ಟಿಗೆ ಹೋದರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಶಾಲೆಮಕ್ಕಳನ್ನೂ ಮೀಂಜದ ಶಾಲೆಮಕ್ಕಳನ್ನೂ ಹೋಲಿಸಿದರು. ಕಲಿಕೆಯ ತೊಂದರೆ, ಹುಟ್ಟಿನಿಂದ ಬಂದ ಊನ ಪಡ್ರೆಯಲ್ಲೇ ಹೆಚ್ಚು ಕಂಡಿತು. ಸಾಕ್ಷಿ ಸಾಲದು ಅನ್ನುವವರು ಈಗಲೂ ಇದ್ದಾರೆ. ಒಬ್ಬೊಬ್ಬ ಮಗುವಿನ ಕಾಯಿಲೆಗೂ ಇದೇ ಕಾರಣ ಅಂತ ನಾನೂ ಆಣೆ ಹಾಕುವುದಿಲ್ಲ. ಆದರೆ ಗಡಿಯಾಚೆ ಕೊಕ್ಕಡದಲ್ಲೂ ಗೇರುತೋಟಕ್ಕೆ ಇದನ್ನೇ ಹೊಡೆದದ್ದು, ಅಲ್ಲಿಯ ಮನೆಗಳಲ್ಲೂ ಇದೇ ಕಥೆ.

ಒಂದು ಮಾತು ಮುಚ್ಚಿಟ್ಟರೆ ತಪ್ಪಾಗುತ್ತದೆ. ಅಳಸಂಡೆ ಬಳ್ಳಿಗೆ ಅಂತ ನಾನೂ ಅಂಗಡಿಯಿಂದ ಅದೇ ಮದ್ದು ತಂದು ಹೊಡೆದಿದ್ದೇನೆ, ಮುಖಕ್ಕೆ ಒಂದು ಬೈರಾಸು ಕಟ್ಟಿಕೊಂಡು. ಪಂಪು ತೊಳೆದದ್ದು ತೋಡಿನಲ್ಲಿ. ತೋಡಿನ ಕೆಳಗೆ ಆ ಹುಡುಗನ ಮನೆ.

2011ರ ಮೇ 13ಕ್ಕೆ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ, ಮೂರು ತಿಂಗಳೊಳಗೆ ಕೊಡಿ ಅಂದಿತು. 2022ರಲ್ಲಿ ಪುನಃ ಅದೇ ಕೋರ್ಟು ಗದರಿಸಬೇಕಾಯಿತು.

ಹುಡುಗ ತೀರಿಕೊಂಡ ಮೇಲೆ ಅವನ ಅಪ್ಪನೊಟ್ಟಿಗೆ ನಾನು ಒಂದು ಆಫೀಸಿಗೆ ಎರಡು ಸಲ ಹೋದೆ. ಕೊಟ್ಟ ಕಾಗದ ಮಲಯಾಳದಲ್ಲಿತ್ತು, ನಮಗಿಬ್ಬರಿಗೂ ಓದಲಿಕ್ಕೆ ಬಾರದು. ಬಸ್‌ಸ್ಟೇಂಡಿನಲ್ಲಿ ಒಬ್ಬಳು ಕಾಲೇಜು ಹುಡುಗಿ ಓದಿ ಹೇಳಿದಳು. ಇನ್ನೊಂದು ಸರ್ಟಿಫಿಕೇಟು ತರಬೇಕಂತೆ, ಹುಡುಗನನ್ನು ಕರಕೊಂಡು ಬರಬೇಕಂತೆ.