ನ್ಯಾಸವೂ ಸಟ್ಟಾವೂ: 1865ರ ಮುಂಬಯಿಯ ಒಂದು ಅಧ್ಯಾಯ

ಮುಂಬಯಿ ವಿಶ್ವವಿದ್ಯಾನಿಲಯದ ಹಳೆಯ ಆವರಣದಲ್ಲಿ ಗ್ರಂಥಾಲಯದ ಮೇಲೆ ನಿಂತಿರುವ 280 ಅಡಿ ಎತ್ತರದ ರಾಜಾಬಾಯಿ ಗೋಪುರದ ಬಗ್ಗೆ ಜೈನ ಮನೆತನಗಳಲ್ಲಿ ಒಂದು ಕಥೆ ಬಹುಕಾಲದಿಂದ ನಡೆದುಬಂದಿದೆ. ಶ್ರೇಷ್ಠಿ ಪ್ರೇಮಚಂದ ರಾಯಚಂದರ ತಾಯಿ ರಾಜಾಬಾಯಿಯವರಿಗೆ ದೃಷ್ಟಿ ಇರಲಿಲ್ಲ. ರಾತ್ರಿಭೋಜನ ತ್ಯಾಗದ ವ್ರತವನ್ನು ಅವರು ಬಿಡುವವರಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟದ ವೇಳೆಯನ್ನು ತಾವಾಗಿಯೇ ಅರಿಯಲೆಂದು ಮಗನು ಗಂಟೆ ಬಾರಿಸುವ ಈ ಗಡಿಯಾರ ಗೋಪುರಕ್ಕೆ ಧನವಿತ್ತನು ಎಂಬುದು ಆ ಕಥೆ. ಪ್ರತೀತಿಯ ಮಾತು ಹಾಗಿರಲಿ. ಗ್ರಂಥಾಲಯಕ್ಕೆ 2 ಲಕ್ಷ ರೂಪಾಯಿ, ಗೋಪುರಕ್ಕೆ ಮತ್ತೆ 2 ಲಕ್ಷ ರೂಪಾಯಿ ಪ್ರೇಮಚಂದರಿಂದ ಬಂದುದೂ, ಗೋಪುರಕ್ಕೆ ತಾಯಿಯ ಹೆಸರು ನಿಂತುದೂ ದಾಖಲೆಯಲ್ಲಿರುವ ಸಂಗತಿಗಳು. ಕಲಕತ್ತಾ ವಿಶ್ವವಿದ್ಯಾನಿಲಯದಲ್ಲಿಯೂ ಅವರ ದತ್ತಿಯಿಂದ ಸ್ಥಾಪಿತವಾದ ವಿದ್ಯಾರ್ಥಿವೇತನ ಅವರ ಹೆಸರಿನಿಂದಲೇ ಖ್ಯಾತವಾಯಿತು.

ಈ ದಾನಗಳ ವಿಷಯವನ್ನು ಸಮಾಜವು ಅಭಿಮಾನದಿಂದ ಹೇಳಿಕೊಳ್ಳುತ್ತದೆ, ಹೇಳಿಕೊಳ್ಳತಕ್ಕದ್ದೇ. ಆದರೆ ಆ ಧನ ಬಂದ ವರ್ಷಗಳಲ್ಲಿ ಮುಂಬಯಿಯಲ್ಲಿ ನಡೆದುದೇನು, ಬ್ಯಾಂಕು ಎಂಬ ಹೆಸರನ್ನು ಕೇಳಿದರೇ ಗೃಹಸ್ಥರು ಅನುಮಾನಿಸುವಂತೆ ಆದುದು ಹೇಗೆ ಎಂಬ ಭಾಗವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಪ್ರೇಮಚಂದರು ಸೂರತಿನ ಜೈನ ವಣಿಕ ಕುಟುಂಬದವರು. ತಂದೆಯೊಡನೆ ಮುಂಬಯಿಗೆ ಬಂದು, ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಓದಿ, 1852ರ ಸುಮಾರಿಗೆ ಷೇರು ದಲ್ಲಾಳಿಯಾದರು. ಅಂದಿನ ದಲ್ಲಾಳಿಗಳಲ್ಲಿ ಇಂಗ್ಲಿಷ್ ಓದಿ ಬರೆಯಬಲ್ಲ ಮೊದಲ ಭಾರತೀಯರೆಂದು ಅವರ ಹೆಸರಿದೆ. ನೆನಪು, ಲೆಕ್ಕ, ಮಾತಿನ ನಿಲುಗಡೆ ಈ ಮೂರೂ ಅವರಲ್ಲಿ ಅಸಾಧಾರಣವಾಗಿದ್ದವು. ಲಿವರ್‌ಪೂಲಿನ ಹತ್ತಿಯ ಧಾರಣೆಯನ್ನು ಪೇಟೆಗಿಂತ ಮೊದಲೇ ತಿಳಿಯಲು, ಅಂಚೆಯ ಹಡಗು ಬಂದರನ್ನು ಸೇರುವುದಕ್ಕೆ ಮುಂಚೆಯೇ ಅವರು ದೋಣಿಗಳನ್ನು ಕಡಲಿಗೆ ಕಳುಹಿಸುತ್ತಿದ್ದರೆಂದು ಹೇಳುವುದುಂಟು. ಇದನ್ನು ಜಾಣತನವೆನ್ನಬೇಕೋ, ಅನ್ಯರ ಅಜ್ಞಾನದಿಂದ ಪಡೆದ ಲಾಭವೆನ್ನಬೇಕೋ ಎಂಬ ಪ್ರಶ್ನೆಯನ್ನು ಆಗ ಯಾರೂ ಕೇಳಲಿಲ್ಲ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುತ್ತಿದ್ದರಿಂದ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತಿತು. ಭಾರತದ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಹಾಸಿಗೆ ದಿಂಬುಗಳ ಹಳೆಯ ಹತ್ತಿಯನ್ನೂ ಬಿಚ್ಚಿ ಮಾರಿದರೆಂಬ ಮಾತು ಆ ಕಾಲದ ಬರಹಗಳಲ್ಲಿದೆ. ಸಾಧಾರಣ ಬೆಲೆಗೆ ಬರಬಹುದಾಗಿದ್ದ ಹಣಕ್ಕಿಂತ ಸುಮಾರು 8 ಕೋಟಿ ಪೌಂಡುಗಳಷ್ಟು ಅಧಿಕ ಧನ ಐದೇ ವರ್ಷಗಳಲ್ಲಿ ಮುಂಬಯಿಗೆ ಹರಿದುಬಂದಿತೆಂದು ಅಂದಿನವರು ಲೆಕ್ಕ ಹಾಕಿದ್ದಾರೆ.

ಈ ಹತ್ತಿಯಲ್ಲಿ ಕನ್ನಡ ನಾಡಿನ ಪಾಲು ಸಣ್ಣದಲ್ಲ. ಧಾರವಾಡ ಜಿಲ್ಲೆಯ ಕಪ್ಪು ನೆಲದಲ್ಲಿ ಅಮೆರಿಕದ ಬೀಜದಿಂದ ಬೆಳೆದ ಹತ್ತಿ ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಿಂದ ಪೇಟೆಯಲ್ಲಿ ಪ್ರಸಿದ್ಧವಾಗಿತ್ತು. ಅದು ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಮ್ಯಾಂಚೆಸ್ಟರಿನ ವರ್ತಕರು ಇದಕ್ಕಾಗಿ ಕಾರವಾರದಲ್ಲಿ ಒಳ್ಳೆಯ ಬಂದರು ಬೇಕೆಂದು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆ ಈ ಒತ್ತಾಯವೂ ಇತ್ತು. ಒಂದು ಜಿಲ್ಲೆಯ ಆಡಳಿತದ ನೆಲೆಯನ್ನೇ ಹತ್ತಿಯ ಧಾರಣೆ ಬದಲಿಸಿತು!

ಬೆಲೆ ಏರಿದಂತೆ ಕಲಬೆರಕೆಯೂ ಏರಿತು. ಒಳ್ಳೆಯ ಹತ್ತಿಗೆ ಕೀಳು ಹತ್ತಿಯನ್ನು ಬೆರೆಸುವುದು, ತೂಕ ಹೆಚ್ಚಲೆಂದು ಬೀಜವನ್ನೂ ಕಸವನ್ನೂ ಉಳಿಸುವುದು, ನೀರು ಚಿಮುಕಿಸುವುದು ಇವೆಲ್ಲ ನಡೆದವು. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಲ್ಲಿ ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ ಎಂದು ಎರಡನ್ನು ಹೆಸರಿಸಿದೆ. ತೂಕದ ಮೋಸವೂ ಕಲಬೆರಕೆಯೂ ಅವೇ. ಮುಂಬಯಿ ಸರ್ಕಾರವು 1863ರಲ್ಲಿ ಹತ್ತಿಯ ಮೋಸವನ್ನು ತಡೆಯಲು ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಪರೀಕ್ಷಕರು ನೇಮಕವಾದರು, ಕಲಬೆರಕೆಗೆ ಕಠಿಣ ಶಿಕ್ಷೆ ವಿಧಿತವಾಯಿತು. ಇದು ಆ ವರ್ಷದ ಮುಂಬಯಿ ಶಾಸನಸಭೆಯ ಒಂಬತ್ತನೆಯ ಕಾಯಿದೆ.

ಅದೇ ವರ್ಷದ ಹತ್ತನೆಯ ಕಾಯಿದೆ ಬ್ಯಾಂಕ್ ಆಫ್ ಬಾಂಬೆಗೆ ಸಂಬಂಧಿಸಿದುದು. ಇಡೀ ಅನರ್ಥದ ಬೀಜ ಇಲ್ಲಿದೆ.

ಬ್ಯಾಂಕ್ ಆಫ್ ಬಾಂಬೆ 1840ರಲ್ಲಿ ಸ್ಥಾಪಿತವಾದ ಪ್ರಾಂತೀಯ ಬ್ಯಾಂಕು. ಸರ್ಕಾರವೇ ಅದರಲ್ಲಿ ಷೇರುದಾರ. ಒಂಬತ್ತು ಮಂದಿ ನಿರ್ದೇಶಕರಲ್ಲಿ ಮೂವರು ಸರ್ಕಾರದಿಂದ ನೇಮಕವಾದವರು. ಮೂಲ ಶಾಸನ ಬಹು ಬಿಗಿಯಾದುದಾಗಿತ್ತು. ಮೂರು ತಿಂಗಳಿಗಿಂತ ಹೆಚ್ಚಿನ ಅವಧಿಗೆ ಸಾಲ ಕೊಡುವಂತಿರಲಿಲ್ಲ. ಕಂಪನಿಗಳ ಷೇರುಗಳ ಆಧಾರದ ಮೇಲೆ ಕೊಡುವಂತಿರಲಿಲ್ಲ. ನೋಟು ಹೊರಡಿಸುವ ಅಧಿಕಾರ ಈ ಬ್ಯಾಂಕುಗಳಿಗಿತ್ತು. 1861ರ ಕಾಗದದ ನಾಣ್ಯದ ಕಾಯಿದೆಯ ಮೂಲಕ ಸರ್ಕಾರ ಅದನ್ನು ತಾನೇ ವಹಿಸಿಕೊಂಡಿತು. ಆ ನಷ್ಟಕ್ಕೆ ಪ್ರತಿಯಾಗಿ ಬ್ಯಾಂಕುಗಳ ವ್ಯವಹಾರದ ಮೇಲಿದ್ದ ಕಟ್ಟುಗಳನ್ನು ಸಡಿಲಿಸುವ ವಿಚಾರ ಬಂದಿತು. 1863ರ ಕಾಯಿದೆ ಸಾರ್ವಜನಿಕ ಕಂಪನಿಗಳ ಷೇರುಗಳ ಮೇಲೆ ಸಾಲ ಕೊಡಲು ಅನುಮತಿ ನೀಡಿತು. ಷೇರಿನ ಹಣ ಪೂರ್ಣ ಪಾವತಿಯಾಗಿರಬೇಕೆಂಬ ನಿರ್ಬಂಧವೂ ಇರಲಿಲ್ಲ. ಹೀಗೆ ಒಂದೇ ವರ್ಷದಲ್ಲಿ, ಒಂದರ ಹಿಂದೆ ಒಂದಾಗಿ ಬಂದ ಎರಡು ಕಾಯಿದೆಗಳಲ್ಲಿ, ಹತ್ತಿಯ ಮೂಟೆಗೆ ಕಾವಲು ಬಿದ್ದಿತು, ಬ್ಯಾಂಕಿನ ಖಜಾನೆಯ ಬೇಲಿ ಕಿತ್ತುಹೋಯಿತು. ರೈತನೂ ಸಣ್ಣ ವರ್ತಕನೂ ಬೆರೆಸಿದ ಕಸವನ್ನು ಕಾಣುವ ಕಣ್ಣು ಸರ್ಕಾರಕ್ಕಿತ್ತು. ಷೇರುಪತ್ರದಲ್ಲಿ ಬೆರೆತ ಶೂನ್ಯವನ್ನು ಕಾಣುವ ಕಣ್ಣು ಇರಲಿಲ್ಲ.

ಮುಂದಿನ ಎರಡು ವರ್ಷಗಳ ಮುಂಬಯಿಯನ್ನು ವರ್ಣಿಸಲು ‘ಷೇರು ಹುಚ್ಚು’ ಎಂಬ ಮಾತೇ ರೂಢಿಗೆ ಬಂದಿತು. 1865ರ ಆರಂಭದ ಹೊತ್ತಿಗೆ ನಗರದಲ್ಲಿ 31 ಬ್ಯಾಂಕುಗಳು, 16 ಹಣಕಾಸು ಸಂಘಗಳು, 8 ಭೂ ಕಂಪನಿಗಳು ಇದ್ದವು. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಬ್ಯಾಕ್ ಬೇ ಎಂಬ ಪಶ್ಚಿಮದ ಕೊಲ್ಲಿಯಲ್ಲಿ ಕಡಲನ್ನು ತುಂಬಿ ನೆಲ ಮಾಡಲು ಹೊರಟ ಕಂಪನಿ. ಸರ್ಕಾರಕ್ಕೆಂದು ಮೀಸಲಿಟ್ಟ 400 ಷೇರುಗಳನ್ನು ಭಾರತ ಸರ್ಕಾರ ಒಪ್ಪದಿದ್ದಾಗ ಅವು ಬಹಿರಂಗ ಹರಾಜಿಗೆ ಬಂದವು. ಒಂದು ಗೇಣು ಕಡಲೂ ತುಂಬದಿರುವಾಗಲೇ, ಮೂಲ ಬೆಲೆಯ ಮೇಲಿನ ಹೆಚ್ಚಳವೇ ಒಂದು ಕೋಟಿ ರೂಪಾಯಿಗೂ ಮಿಕ್ಕಿ ಬಂದಿತು. 5,000 ರೂಪಾಯಿ ಪಾವತಿಯಾಗಿದ್ದ ಒಂದು ಷೇರು 50,000 ರೂಪಾಯಿಯವರೆಗೆ ಏರಿತು.

ಬೆಲೆ ಏರುತ್ತಿದ್ದುದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ಗ್ರಹಿಸಬೇಕು. ಒಂದು ಕಂಪನಿ ಹುಟ್ಟುತ್ತದೆ. ಅದರ ಷೇರುಗಳು ಮೂಲ ಬೆಲೆಗೆ ಪ್ರವರ್ತಕರ ಆಪ್ತರಿಗೆ ಹಂಚಿಕೆಯಾಗುತ್ತವೆ. ಹೊರಗಿನವರಿಗೆ ಅವು ಮೇಲ್ಬೆಲೆಗಲ್ಲದೆ ದೊರೆಯುವುದಿಲ್ಲ. ಆ ಮೇಲ್ಬೆಲೆಯೇ ಕಂಪನಿ ಗಟ್ಟಿಯೆಂಬುದಕ್ಕೆ ಸಾಕ್ಷಿಯಾಗುತ್ತದೆ. ಷೇರು ಪಡೆದವನು ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟು, ಬಂದ ಹಣದಿಂದ ಮತ್ತಷ್ಟು ಷೇರು ಕೊಳ್ಳುತ್ತಾನೆ. ಆದ್ದರಿಂದ ಬೆಲೆ ಇನ್ನೂ ಏರುತ್ತದೆ. ಏರಿದ ಬೆಲೆಯ ಮೇಲೆ ಬ್ಯಾಂಕು ಇನ್ನೂ ಹೆಚ್ಚು ಕೊಡುತ್ತದೆ. ಸಾಲಕ್ಕೆ ಆಧಾರವಾದ ಬೆಲೆಯನ್ನು ಸಾಲವೇ ನಿರ್ಮಿಸುತ್ತಿತ್ತು. ಇದರ ಜೊತೆಗೆ ಕೈಯಲ್ಲಿ ಹಣವೂ ಇಲ್ಲದೆ, ಷೇರೂ ಇಲ್ಲದೆ, ಇಂತಹ ದಿನ ಇಂತಹ ಬೆಲೆಗೆ ಕೊಡುತ್ತೇನೆ, ಕೊಳ್ಳುತ್ತೇನೆ ಎಂಬ ವಾಯಿದೆಯ ಕರಾರುಗಳು ಸಾವಿರಗಟ್ಟಲೆ ಆದವು. ಅವುಗಳಲ್ಲಿ ಬಹಳಷ್ಟಕ್ಕೆ ಗೊತ್ತಾದ ದಿನ 1865ರ ಜುಲೈ 1.

ಈ ಚಕ್ರದ ಅಚ್ಚಿನಲ್ಲಿ ಪ್ರೇಮಚಂದರಿದ್ದರು. ಯಾವ ಕಂಪನಿಗೆ ಯಾರ ಹೆಸರು, ಯಾರಿಗೆ ಎಷ್ಟು ಷೇರು ಎಂಬುದು ಅವರ ಒಂದು ಚೀಟಿಯಿಂದ ತೀರ್ಮಾನವಾಗುತ್ತಿತ್ತೆಂದು ಅಂದಿನ ಮುಂಬಯಿಯನ್ನು ಕಂಡವರು ಬರೆದಿಟ್ಟಿದ್ದಾರೆ. ಅವರು ಬ್ಯಾಂಕ್ ಆಫ್ ಬಾಂಬೆಯ ನಿರ್ದೇಶಕರಲ್ಲ. ಆದರೆ ಬ್ಯಾಂಕಿನ ಕಾರ್ಯದರ್ಶಿ ಅವರ ಮಾತನ್ನು ಮೀರುವವನಾಗಿರಲಿಲ್ಲ, ನಿರ್ದೇಶಕರು ಕೇಳುವವರಾಗಿರಲಿಲ್ಲ. ಸರ್ಕಾರದ ಮೂವರೂ ಕುಳಿತೇ ಇದ್ದರು.

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದನು. ಯುದ್ಧ ಮುಗಿಯುತ್ತಿರುವ ಸುದ್ದಿ ಮುಂಬಯಿ ತಲುಪಿದೊಡನೆ ಹತ್ತಿಯ ಧಾರಣೆ ಕುಸಿಯಿತು. ದೊಡ್ಡ ಮನೆಗಳು ಒಂದೊಂದಾಗಿ ದಿವಾಳಿಯೆದ್ದವು. ಜುಲೈ 1 ಬಂದಾಗ ಕೊಡಬೇಕಾದವನಲ್ಲಿಯೂ ಇಲ್ಲ, ಕೊಳ್ಳಬೇಕಾದವನಲ್ಲಿಯೂ ಇಲ್ಲ. ದಿವಾಳಿಯ ಮೊಕದ್ದಮೆಗಳನ್ನು ತೀರಿಸಲು ಅದೇ ವರ್ಷ 28ನೆಯ ಕಾಯಿದೆಯನ್ನು ಮಾಡಬೇಕಾಯಿತು. ಬ್ಯಾಕ್ ಬೇ ಷೇರು 2,000 ರೂಪಾಯಿಗೂ ಕೆಳಗಿಳಿಯಿತು. 2,850 ರೂಪಾಯಿ ಕಂಡಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗೆ ಮಾರಾಟವಾಯಿತು. ಬ್ಯಾಂಕಿನ ಬಂಡವಾಳದ ಬಹುಪಾಲು ಕರಗಿ 1868ರಲ್ಲಿ ಅದನ್ನು ಮುಚ್ಚಲಾಯಿತು.

ಅದೇ ವರ್ಷ ಸರ್ ಚಾರ್ಲ್ಸ್ ಜಾಕ್ಸನ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗ ನೇಮಕವಾಯಿತು. 1863ರ ಕಾಯಿದೆಯ ಸಡಿಲತೆ, ಅದು ಕೊಟ್ಟ ಅಧಿಕಾರವನ್ನು ಕಾರ್ಯದರ್ಶಿಗಳು ದುರುಪಯೋಗ ಮಾಡಿದುದು, ನಿರ್ದೇಶಕರ ಅಲಕ್ಷ್ಯ ಇವು ಆಯೋಗವು ಕಂಡ ಕಾರಣಗಳಲ್ಲಿ ಮುಖ್ಯವಾದವು. ಪ್ರೇಮಚಂದರೂ ಆಯೋಗದ ಮುಂದೆ ನಿಂತು ಸಾಕ್ಷ್ಯ ಹೇಳಿದರು.

ಸತ್ಯಾಣುವ್ರತದ ಅತಿಚಾರಗಳಲ್ಲಿ ‘ನ್ಯಾಸಾಪಹಾರ’ ಎಂಬುದೊಂದಿದೆ. ನ್ಯಾಸವೆಂದರೆ ನಂಬಿ ಇಟ್ಟ ಧನ. ಕನ್ನಡ ನಾಡಿನವರೇ ಆದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಬಹು ಸೂಕ್ಷ್ಮವಾಗಿ ವಿವರಿಸಿದ್ದಾರೆ. ಇಟ್ಟವನು ಎಷ್ಟೆಂಬುದನ್ನು ಮರೆತು ಕಡಿಮೆ ಕೇಳಿದರೆ, ಹೌದೆಂದು ಅಷ್ಟನ್ನೇ ಹಿಂತಿರುಗಿಸುವುದೂ ದೋಷವೇ. ಕದಿಯದಿದ್ದರೂ ಸುಳ್ಳಾಯಿತು, ಏಕೆಂದರೆ ಇಟ್ಟವನ ಅಜ್ಞಾನವನ್ನು ಇಟ್ಟುಕೊಂಡವನು ಬಳಸಿಕೊಂಡನು. ಈ ಅಳತೆಗೋಲನ್ನು ಹಿಡಿದರೆ 1865ರ ಮುಂಬಯಿಯಲ್ಲಿ ನಿರ್ದೋಷಿಗಳ ಸಂಖ್ಯೆ ಕಡಿಮೆ. ಸರ್ಕಾರವೇ ಪಾಲುದಾರನಾಗಿರುವ ಬ್ಯಾಂಕೆಂದು ನಂಬಿದವರಿಗೆ ತಮ್ಮ ಧನ ಯಾವ ಕಾಗದದ ಮೇಲೆ ಹೋಗುತ್ತಿದೆಯೆಂಬ ಅರಿವಿರಲಿಲ್ಲ. ಅರಿವಿದ್ದವರು ಹೇಳಲಿಲ್ಲ. ಊರಿನ ಪೇಢಿಯ ಯಜಮಾನನ ಮುಖವನ್ನೂ ನಡತೆಯನ್ನೂ ಬಲ್ಲ ಗೃಹಸ್ಥನಿಗೆ ಬ್ಯಾಂಕು ಎಂಬುದು ಮುಖವಿಲ್ಲದ ಹೊಸ ವಸ್ತು. ಅದರ ಮೇಲೆ ಆಗ ಹುಟ್ಟಿದ ಸಂಶಯವನ್ನು ಹಳೆಯ ಕಾಲದವರ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅನುಭವದಿಂದ ಬಂದ ಸಂಶಯ ಅದು.

ಬ್ಯಾಂಕ್ ಆಫ್ ಬಾಂಬೆ ಅದೇ 1868ರಲ್ಲಿ ಹೊಸದಾಗಿ ಸ್ಥಾಪಿತವಾಗಿ, 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ಸೇರಿ, 1955ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಭಾಗವಾಯಿತು. 1992ರ ಏಪ್ರಿಲ್‌ನಲ್ಲಿ ಮುಂಬಯಿಯ ಪತ್ರಿಕೆಯೊಂದು ಆ ಬ್ಯಾಂಕಿನ ಲೆಕ್ಕದಲ್ಲಿ ಸರ್ಕಾರಿ ಸಾಲಪತ್ರಗಳ ಕೊರತೆಯಿದೆಯೆಂದು ಬಯಲಿಗೆ ತಂದಾಗ, ಬ್ಯಾಂಕುಗಳ ಹಣ ದಲ್ಲಾಳಿಗಳ ಕೈಯಿಂದ ಷೇರುಪೇಟೆಗೆ ಹರಿದು ಬೆಲೆಗಳನ್ನು ಏರಿಸಿದ ಮತ್ತೊಂದು ಕಥೆ ಹೊರಬಿತ್ತು. ಅಲ್ಲಿಯೂ ಹಿಂದೆ ಸಾಲಪತ್ರವೇ ಇಲ್ಲದ ಬರಿಯ ಬ್ಯಾಂಕು ರಸೀದಿಗಳು ಆಧಾರವಾಗಿದ್ದವು. ಶಾಸ್ತ್ರದ ಭಾಷೆಯಲ್ಲಿ ಅದು ಕೂಟಲೇಖಕ್ರಿಯೆ. ರಿಸರ್ವ್ ಬ್ಯಾಂಕು ನೇಮಿಸಿದ ಜಾನಕಿರಾಮನ್ ಸಮಿತಿ ಲೆಕ್ಕ ಹಾಕಿದ ಮೊತ್ತ 4,000 ಕೋಟಿ ರೂಪಾಯಿಗೂ ಮಿಕ್ಕಿತ್ತು. ಅಂತಹ ರಸೀದಿಗಳನ್ನು ಕೊಟ್ಟ ಬ್ಯಾಂಕುಗಳಲ್ಲೊಂದು ಬೆಳಗಾವಿಗೆ ಬಹುದೂರವಲ್ಲದ ಕರಾಡದ್ದು. ಅದು ಅದೇ ವರ್ಷ ಮುಚ್ಚಿತು. ನೂರಿಪ್ಪತ್ತೇಳು ವರ್ಷಗಳ ಅಂತರದಲ್ಲಿ ಕಾಗದದ ಹೆಸರು ಬದಲಾಗಿತ್ತು, ಅಷ್ಟೆ.

ಪ್ರೇಮಚಂದರ ಐಶ್ವರ್ಯವೂ ಆ ಬಿರುಗಾಳಿಯಲ್ಲಿ ಹೋಯಿತು. ಅವರು ಊರು ಬಿಟ್ಟು ಹೋಗಲಿಲ್ಲ. ಅದೇ ಪೇಟೆಯಲ್ಲಿ ನಿಂತು ಮತ್ತೆ ವ್ಯಾಪಾರ ಮಾಡಿದರು, 1875ರಲ್ಲಿ ದೇಶೀಯ ಷೇರು ದಲ್ಲಾಳಿಗಳು ಸಂಘವೊಂದನ್ನು ಕಟ್ಟಿಕೊಂಡು ನಿಯಮಗಳಿಗೆ ಒಳಪಟ್ಟಾಗ ಅದರ ಸ್ಥಾಪಕರಲ್ಲೊಬ್ಬರಾದರು, 1906ರಲ್ಲಿ ತೀರಿಕೊಂಡರು. ಅವರನ್ನು ಬರಿಯ ದಾನಿಯೆಂದು ಹೊಗಳುವವರೂ ಬರಿಯ ಸಟ್ಟಾಗಾರನೆಂದು ತೆಗಳುವವರೂ ಅರ್ಧ ಚರಿತ್ರೆಯನ್ನು ಮಾತ್ರ ಓದಿದವರು. ಉತ್ಕರ್ಷದ ದಿನಗಳಲ್ಲಿ ಅವರು ದತ್ತಿಗೆಂದು ಕೈಬಿಟ್ಟ ಹಣ ಉಳಿಯಿತು. ಬೆಳೆಸಲೆಂದು ಹಿಡಿದಿಟ್ಟುದು ಉಳಿಯಲಿಲ್ಲ.

ಗೋಪುರಕ್ಕೆ 1869ರಲ್ಲಿ ಅಡಿಗಲ್ಲು ಬಿದ್ದಿತು. 1878ರಲ್ಲಿ ಅದು ಪೂರ್ಣಗೊಂಡಾಗ ಪ್ರೇಮಚಂದರು ನಡೆಸುತ್ತಿದ್ದ ಏಷಿಯಾಟಿಕ್ ಬ್ಯಾಂಕಿಂಗ್ ಕಾರ್ಪೊರೇಷನ್ ಇರಲಿಲ್ಲ, ಬ್ಯಾಕ್ ಬೇ ಕಂಪನಿಯೂ ಇರಲಿಲ್ಲ. ಆ ಕಂಪನಿ ಕಡಲಿನಿಂದ ಎತ್ತಿದ ಕಿರಿದಾದ ನೆಲದ ಪಟ್ಟಿ ಸರ್ಕಾರದ ವಶವಾಗಿ, ರೈಲ್ವೆ ಹಳಿಗಳನ್ನು ಹಾಕಲು ಬಳಕೆಯಾಯಿತು. ಚರ್ಚ್‌ಗೇಟಿನ ಕಡೆಗೆ ಬರುವ ಗಾಡಿಗಳ ಪ್ರಯಾಣಿಕರಲ್ಲಿ ಆ ಪಟ್ಟಿಯ ಒಂದು ಷೇರಿಗೆ ಒಮ್ಮೆ 50,000 ರೂಪಾಯಿ ಬೆಲೆಯಿತ್ತೆಂದು ತಿಳಿದವರು ಹೆಚ್ಚಿರಲಾರರು.