ಒಂಬತ್ತು ಗೆಲುವು, ಬಾರದ ಕರೆ

ಫುಟ್‌ಬಾಲ್ ಅಂದರೆ ನಮಗೆ ಕಾಲಲ್ಲಿ ಒದೆಯುವ ಆಟ. ಅಮೆರಿಕದವರು ಆ ಹೆಸರಿನಿಂದ ಕರೆಯುವುದು ಬೇರೆಯದನ್ನೇ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡಬೇಕು, ಎದುರಿನವರು ಮೈಮೇಲೆ ಬಿದ್ದು ಕೆಡವಬೇಕು. ಅಲ್ಲಿನ ಕಾಲೇಜುಗಳಿಗೆ ಈ ಆಟವೇ ಪ್ರತಿಷ್ಠೆ, ಈ ಆಟವೇ ದುಡ್ಡು.

1951ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ತಂಡ ಒಂಬತ್ತು ಪಂದ್ಯ ಆಡಿತು. ಒಂಬತ್ತನ್ನೂ ಗೆದ್ದಿತು. ಜೆಸುಯಿಟ್ ಪಾದ್ರಿಗಳು ನಡೆಸುವ ಸಂಸ್ಥೆ ಅದು. ತರಬೇತುದಾರ ಜೋ ಕುಹರಿಚ್. ಮಹಾಯುದ್ಧದಲ್ಲಿ ಕಾದಾಡಿ ಬಂದ ಗೀನೋ ಮಾರ್ಕೆಟ್ಟಿಯಂಥವರು ತಂಡದಲ್ಲಿದ್ದರು. ಕರಿಯರು ಇಬ್ಬರೇ: ಆಲಿ ಮ್ಯಾಟ್ಸನ್, ಬರ್ಲ್ ಟೋಲರ್. ಆ ವರ್ಷ ಮ್ಯಾಟ್ಸನ್ ಚೆಂಡು ಹಿಡಿದು ಓಡಿದ್ದು 1,566 ಗಜ. ಇಡೀ ದೇಶದ ಕಾಲೇಜುಗಳಲ್ಲಿ ಅಷ್ಟು ಓಡಿದವನು ಇನ್ನೊಬ್ಬನಿರಲಿಲ್ಲ. ಕಡೆಯ ಪಂದ್ಯ ಪ್ಯಾಸಡೀನಾದ ರೋಸ್ ಬೌಲ್ ಮೈದಾನದಲ್ಲಿ ಲೊಯೋಲಾ ವಿರುದ್ಧ, 20-2ರ ಗೆಲುವು.

ಹೊಸ ವರ್ಷದ ಹೊತ್ತಿಗೆ ದಕ್ಷಿಣದ ಊರುಗಳಲ್ಲಿ 'ಬೌಲ್' ಅನ್ನುವ ದೊಡ್ಡ ಪಂದ್ಯಗಳು ನಡೆಯುತ್ತವೆ. ಗೆದ್ದ ತಂಡಗಳಿಗೆ ಕರೆ ಬರುತ್ತದೆ, ಕರೆಯ ಹಿಂದೆ ಹಣ ಬರುತ್ತದೆ. ಆಟದ ಖರ್ಚಿನಿಂದ ಸೊರಗಿದ್ದ ಸಂಸ್ಥೆಗೆ ಆ ಹಣ ಬೇಕೇ ಬೇಕಿತ್ತು. ಆಟಗಾರರು ಮುಂದೆ ಹೇಳಿಕೊಂಡಂತೆ, ಕರೆಗೆ ಒಂದು ಷರತ್ತಿತ್ತು: ಕರಿಯರಿಬ್ಬರನ್ನೂ ಮನೇಲಿ ಬಿಟ್ಟು ಬನ್ನಿ. ತಂಡ ಆಗೋದಿಲ್ಲ ಅಂದಿತು. ಕರೆ ಬರಲಿಲ್ಲ.

ಹೊರಗೆ ಹೇಳಿದ ಕಾರಣವೇ ಬೇರೆ. ನೀವು ಸೋಲಿಸಿದ್ದು ಸಣ್ಣಪುಟ್ಟ ತಂಡಗಳನ್ನಂತೆ. ಅಂದರೆ ಮೆರಿಟ್ ಸಾಲದು! ಈ ಮಾತನ್ನು ನಾವು ಎಲ್ಲೋ ಕೇಳಿದ ಹಾಗಿದೆಯಲ್ಲವೇ, ಗೆಳೆಯರೆ?

ಈ ಕಥೆ ಹೇಳುವವರು ಬಿಳಿಯ ಆಟಗಾರರ ತ್ಯಾಗವನ್ನೇ ಎತ್ತಿ ಹಾಡುತ್ತಾರೆ. ತ್ಯಾಗ ಸುಳ್ಳಲ್ಲ, ನಾವೂ ಗೌರವಿಸುತ್ತೇವೆ. ಆದರೆ ಜೊತೆಗೆ ಬೆವರು ಸುರಿಸಿದವರನ್ನು ಪಂಕ್ತಿಯಿಂದ ಎಬ್ಬಿಸಿ ನೀವು ಮಾತ್ರ ಉಣ್ಣಿ ಅಂದಾಗ, ಒಲ್ಲೆವು ಅನ್ನುವುದು ಮನುಷ್ಯರಾದವರ ಕನಿಷ್ಠ ಲಕ್ಷಣ. ಹಾಗೆ ಎಬ್ಬಿಸುವ ಧೈರ್ಯ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಕಾನೂನಿನಿಂದ ಬಂತು. ಆಗ ದಕ್ಷಿಣದಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ನಲ್ಲಿ, ಬಸ್ಸಿನಲ್ಲಿ ಹಿಂದಿನ ಸೀಟು. ಬೇರೆ ಶಾಲೆ ತಪ್ಪು ಅಂತ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೊಳೆದದ್ದು 1954ರಲ್ಲಿ.

ಆ ಋತು ಮುಗಿದದ್ದೇ ನಷ್ಟದ ಲೆಕ್ಕ ತೋರಿಸಿ ಸಂಸ್ಥೆ ತಂಡವನ್ನೇ ಮುಚ್ಚಿತು. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಓಡಿ ಎರಡು ಪದಕ ತಂದ, ಅದೂ ಅದೇ ದೇಶಕ್ಕೆ. ಟೋಲರ್‌ನ ಮಂಡಿ ಮುರಿಯಿತು, ಆಟ ನಿಂತಿತು. ಮೇಷ್ಟ್ರಾದ, ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಶಾಲೆಯ ಮುಖ್ಯಸ್ಥನಾದ. 1965ರಲ್ಲಿ ವೃತ್ತಿಪರ ಲೀಗಿನ ಮೊದಲ ಕರಿಯ ತೀರ್ಪುಗಾರನಾದ. 1980ರ ಜನವರಿಯಲ್ಲಿ ಆ ಲೀಗಿನ ಅಂತಿಮ ಪಂದ್ಯ ನಡೆದದ್ದು ಅದೇ ರೋಸ್ ಬೌಲ್‌ನಲ್ಲಿ. ಲಕ್ಷಕ್ಕೂ ಮಿಕ್ಕಿದ ಜನ. ಗೆರೆಯ ಪಕ್ಕ ಪಟ್ಟೆ ಅಂಗಿ ತೊಟ್ಟು ನಿಂತು ತಪ್ಪು ಯಾರದು ಅಂತ ನೋಡುತ್ತಿದ್ದವರಲ್ಲಿ ಬರ್ಲ್ ಟೋಲರ್ ಒಬ್ಬ.